ಫ್ಲ್ಯಾಟಿನ ಗ್ಯಾಲರಿಯಲ್ಲಿ ಬೆಣ್ಣೆಹಣ್ಣಿನ ಗಿಡ: ಬೆಳೆಸುವ ಕ್ರಮ ಮತ್ತು ಆರೈಕೆ

ಮಹಾನಗರದ ಕನ್ನಡಿಗರ ಮನೆಗಳಲ್ಲಿ ಗಿಡವೆಂದರೆ ತುಳಸಿ, ಕರಿಬೇವು, ದೊಡ್ಡಪತ್ರೆ, ಒಂದೆರಡು ದಾಸವಾಳ ಎಂಬ ಕಾಲವಿತ್ತು. ಈಚಿನ ವರ್ಷಗಳಲ್ಲಿ ಈ ಬಳಗಕ್ಕೆ ಹೊಸ ಸದಸ್ಯನೊಂದು ಬಂದು ಸೇರಿದೆ. ಪವಾಯಿಯ ಬಹುಮಹಡಿ ಕಟ್ಟಡಗಳಲ್ಲಿ ಅಡುಗೆಮನೆಯ ಕಿಟಕಿಯ ಬಳಿ ನೀರು ತುಂಬಿದ ಗಾಜಿನ ಲೋಟ, ಅದರ ಬಾಯಿಗೆ ಹಲ್ಲುಕಡ್ಡಿಗಳ ಆಸರೆಯಿಂದ ನಿಂತ ನಿಂಬೆಗಾತ್ರದ ಕಂದು ಬೀಜ, ಇವನ್ನು ಕಂಡವರು ಅನೇಕರಿರಬಹುದು. ಅದು ಬೆಣ್ಣೆಹಣ್ಣಿನ, ಅರ್ಥಾತ್ ಅವೊಕಾಡೊದ ಬೀಜ. ಮಕ್ಕಳು ಶಾಲೆಯಿಂದ ಬಂದೊಡನೆ ಬೇರು ಬಂದಿತೇ ಎಂದು ನೋಡುತ್ತಾರೆ. ಅಜ್ಜಿಯಂದಿರು ನೀರು ಬದಲಿಸುತ್ತಾರೆ. ಬೀಜ ಬಿರಿದು ಚಿಗುರಿದ ದಿನ ಮನೆಯವರೆಲ್ಲರಿಗೂ ಸಂತೋಷ.

ಆದರೆ ಹೀಗೆ ಹುಟ್ಟಿದ ಗಿಡಗಳಲ್ಲಿ ಬಹುಪಾಲು ಮೊದಲ ಅಥವಾ ಎರಡನೆಯ ಮಳೆಗಾಲದಲ್ಲಿ ಸಾಯುತ್ತವೆ. ಬದುಕಿ ಉಳಿದವು ಮೂರು ನಾಲ್ಕು ವರ್ಷಗಳಲ್ಲಿ ಗ್ಯಾಲರಿಯ ಮಾಡನ್ನು ಮುಟ್ಟಿ ಮನೆಯವರನ್ನು ಚಿಂತೆಗೆ ಈಡುಮಾಡುತ್ತವೆ. ಗಿಡ ಏಕೆ ಸಾಯುತ್ತದೆ, ಬದುಕಿಸುವುದು ಹೇಗೆ, ಬೆಳೆದ ಮೇಲೆ ಅದಕ್ಕೆ ನೆಲೆ ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಸಸ್ಯದ ಪರಿಚಯ

ಬೆಣ್ಣೆಹಣ್ಣಿನ ವೈಜ್ಞಾನಿಕ ಹೆಸರು ಪರ್ಸಿಯಾ ಅಮೆರಿಕಾನಾ. ಇದು ಲಾರೇಸಿ ಕುಟುಂಬಕ್ಕೆ ಸೇರಿದ ನಿತ್ಯಹರಿದ್ವರ್ಣದ ಮರ. ನಮ್ಮ ಅಡುಗೆಮನೆಯ ದಾಲ್ಚಿನ್ನಿ, ಪಲಾವಿನ ಎಲೆ ಹಾಗೂ ದೇವರ ಮನೆಯ ಕರ್ಪೂರವನ್ನು ನೀಡುವ ಮರಗಳೆಲ್ಲ ಇದೇ ಕುಟುಂಬದವು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಇದರ ತವರು. ಅಲ್ಲಿಯ ನಾವಾಟಲ್ ಭಾಷೆಯ 'ಅವಾಕಾಟ್ಲ್' ಎಂಬ ಶಬ್ದವು ಸ್ಪ್ಯಾನಿಷ್ ಭಾಷೆಯ ಮೂಲಕ ಹಾದು 'ಅವೊಕಾಡೊ' ಆಯಿತು. ಹಿಂದಿಯಲ್ಲಿ ಇದನ್ನು ಮಖನ್‌ಫಲ್ ಎನ್ನುತ್ತಾರೆ. ಕನ್ನಡದ ಬೆಣ್ಣೆಹಣ್ಣು ಎಂಬ ಹೆಸರಿನ ಅರ್ಥವೂ ಅದೇ.

ಇದರಲ್ಲಿ ಮೆಕ್ಸಿಕನ್, ಗ್ವಾಟೆಮಾಲನ್ ಮತ್ತು ವೆಸ್ಟ್ ಇಂಡಿಯನ್ ಎಂಬ ಮೂರು ಬುಡಕಟ್ಟುಗಳಿವೆ. ಮೊದಲಿನ ಎರಡು ಬೆಟ್ಟಸೀಮೆಯ ತಂಪಿಗೆ ಒಗ್ಗಿದವು. ಮೂರನೆಯದು ತಗ್ಗು ಪ್ರದೇಶದ ಸೆಕೆ ಮತ್ತು ತೇವಕ್ಕೆ ಒಗ್ಗಿದ್ದು. ಮಹಾನಗರದ ಅಂಗಡಿಗಳಲ್ಲಿ ಸಿಗುವ ಒರಟು ಸಿಪ್ಪೆಯ, ಹಣ್ಣಾದಾಗ ಕಪ್ಪಾಗುವ ಆಮದು ಹಣ್ಣು 'ಹ್ಯಾಸ್' ತಳಿಯದು. ಅದು ಮೆಕ್ಸಿಕನ್ ಮತ್ತು ಗ್ವಾಟೆಮಾಲನ್ ಬುಡಕಟ್ಟುಗಳ ಮಿಶ್ರಣ. ದಕ್ಷಿಣ ಭಾರತದ ತೋಟಗಳಿಂದ ಬರುವ, ಹಸಿರು ಅಥವಾ ನೇರಳೆ ನುಣುಪು ಸಿಪ್ಪೆಯ ದೊಡ್ಡ ಹಣ್ಣುಗಳು ನಮ್ಮ ಮಳೆ ಬಿಸಿಲುಗಳಲ್ಲೇ ತಲೆಮಾರುಗಳಿಂದ ಬೆಳೆದುಬಂದ ಮರಗಳವು. ಮುಂಬಯಿಯ ಹವೆಗೆ ಇಂತಹ ಊರ ಹಣ್ಣಿನ ಬೀಜವೇ ಹೆಚ್ಚು ಸೂಕ್ತ.

ಕನ್ನಡ ನಾಡಿನ ನಂಟು

ಭಾರತಕ್ಕೆ ಈ ಮರ 20ನೆಯ ಶತಮಾನದ ಆದಿಭಾಗದಲ್ಲಿ ಶ್ರೀಲಂಕಾದ ಮೂಲಕ ಬಂದಿತೆಂದು ತೋಟಗಾರಿಕೆಯ ಗ್ರಂಥಗಳು ಹೇಳುತ್ತವೆ. ಕರ್ನಾಟಕದಲ್ಲಿ ಇದು ನೆಲೆನಿಂತದ್ದು ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳಲ್ಲಿ. ಕಿತ್ತಳೆ, ಹಲಸು, ಸಿಲ್ವರ್ ಓಕ್ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಇದನ್ನು ಬೆಳೆಸುತ್ತ ಬಂದರು. ಬೆಂಗಳೂರು, ಮಂಗಳೂರುಗಳ ಹಣ್ಣಿನ ರಸದ ಅಂಗಡಿಗಳಲ್ಲಿ ಹಾಲು, ಸಕ್ಕರೆ ಸೇರಿಸಿ ಕೊಡುವ 'ಬಟರ್ ಫ್ರೂಟ್ ಜ್ಯೂಸ್' ನಮ್ಮಲ್ಲಿ ಅನೇಕರಿಗೆ ಬಾಲ್ಯದ ನೆನಪು. ಆಗ ಆ ಹಣ್ಣಿಗೆ ಇಂದಿನ ಬೆಲೆಯೂ ಇರಲಿಲ್ಲ, ಬೆಡಗೂ ಇರಲಿಲ್ಲ.

ಬೆಂಗಳೂರಿನ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಕೊಡಗಿನ ಚೆಟ್ಟಳ್ಳಿಯಲ್ಲಿ ಪ್ರಯೋಗ ಕೇಂದ್ರವಿದೆ. ಈ ಕೇಂದ್ರದಲ್ಲಿ ಆಯ್ದ 'ಅರ್ಕಾ ಸುಪ್ರೀಂ' ಮತ್ತು 'ಅರ್ಕಾ ಕೂರ್ಗ್ ರವಿ' ಎಂಬ ತಳಿಗಳು ಇಂದು ಬೆಳೆಗಾರರಿಗೆ ಪರಿಚಿತವಾಗಿವೆ. ಹಣ್ಣಿನ ಆಸೆಯಿಂದಲೇ ಗಿಡ ನೆಡುವವರು ಇಂತಹ ಕಸಿ ಗಿಡವನ್ನು ತರುವುದೇ ಸರಿ. ಅದರ ಕಾರಣವನ್ನು ಮುಂದೆ ನೋಡೋಣ.

ಬೀಜದ ಗಿಡದಿಂದ ಏನನ್ನು ನಿರೀಕ್ಷಿಸಬೇಕು?

ಬೀಜ ಊರುವ ಮೊದಲೇ ಮನೆಯವರು ಒಂದು ಮಾತನ್ನು ಅರಿತಿರಬೇಕು. ಬೀಜದಿಂದ ಹುಟ್ಟಿದ ಬೆಣ್ಣೆಹಣ್ಣಿನ ಗಿಡ ತಾಯಿಮರದ ಗುಣವನ್ನು ಹಾಗೆಯೇ ಪಡೆಯುವುದಿಲ್ಲ. ರುಚಿಯಾದ ಹಣ್ಣಿನ ಬೀಜದಿಂದ ರುಚಿಯಾದ ಹಣ್ಣಿನ ಮರವೇ ಬರುವುದೆಂಬ ಭರವಸೆಯಿಲ್ಲ. ಬೀಜದ ಗಿಡ ನೆಲದಲ್ಲಿ ಫಲ ಕೊಡಲು ಐದಾರು ವರ್ಷಗಳಿಂದ ಹತ್ತು ಹನ್ನೆರಡು ವರ್ಷಗಳವರೆಗೂ ತೆಗೆದುಕೊಳ್ಳಬಹುದು. ಕುಂಡದಲ್ಲಿ ಫಲ ಕಾಣುವುದು ಅಪರೂಪ.

ಹೂವಿನ ಸ್ವಭಾವವೂ ವಿಶಿಷ್ಟವಾದುದು. ಒಂದೇ ಹೂವು ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ, ಎರಡನೆಯ ಸಲ ಗಂಡಾಗಿ. 'ಎ' ವರ್ಗದ ಮರಗಳಲ್ಲಿ ಹೂವು ಬೆಳಗ್ಗೆ ಹೆಣ್ಣಾಗಿ ಅರಳಿ ಮುಚ್ಚಿಕೊಂಡು, ಮರುದಿನ ಮಧ್ಯಾಹ್ನ ಗಂಡಾಗಿ ಅರಳುತ್ತದೆ. 'ಬಿ' ವರ್ಗದಲ್ಲಿ ಮಧ್ಯಾಹ್ನ ಹೆಣ್ಣಾಗಿಯೂ ಮರುದಿನ ಬೆಳಗ್ಗೆ ಗಂಡಾಗಿಯೂ ಅರಳುತ್ತದೆ. ಎರಡೂ ವರ್ಗದ ಮರಗಳು ಸಮೀಪದಲ್ಲಿದ್ದು, ಜೇನುನೊಣಗಳೂ ಇದ್ದರೆ ಫಲ ಚೆನ್ನಾಗಿ ಕಚ್ಚುತ್ತದೆ. ಹನ್ನೆರಡನೆಯ ಮಹಡಿಯ ಒಂಟಿ ಗಿಡಕ್ಕೆ ಈ ಅನುಕೂಲವಿಲ್ಲ.

ಹಾಗೆಂದು ಬೀಜದ ಗಿಡವನ್ನು ತಾತ್ಸಾರದಿಂದ ಕಾಣಬೇಕಿಲ್ಲ. ಇಂದು ಜಗತ್ತಿನ ಮಾರುಕಟ್ಟೆಗಳನ್ನು ಆಳುತ್ತಿರುವ ಹ್ಯಾಸ್ ತಳಿಯ ಮೂಲವೂ ಒಂದು ಅಜ್ಞಾತ ಬೀಜವೇ. ಅಮೆರಿಕದ ಕ್ಯಾಲಿಫೋರ್ನಿಯಾದ ಲಾ ಹಾಬ್ರಾ ಹೈಟ್ಸ್‌ನಲ್ಲಿ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯ ಪೇದೆ 1926ರ ಸುಮಾರಿಗೆ ಕೊಂಡು ತಂದ ಬೀಜಗಳನ್ನು ನೆಟ್ಟರು. ಅದರಲ್ಲೊಂದು ಸಸಿಗೆ ಅಂದಿನ ಪ್ರಸಿದ್ಧ ತಳಿಯ ಕಸಿ ಕಟ್ಟಲು ಯತ್ನಿಸಿದಾಗ ಕಸಿ ಹಿಡಿಯಲಿಲ್ಲ. ಹಾಗೆಯೇ ಬಿಟ್ಟ ಆ ಸಸಿ ಬೆಳೆದು ಕೊಟ್ಟ ಹಣ್ಣೇ ಹ್ಯಾಸ್. 1935ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ತಾಯಿಮರವು 2002ರಲ್ಲಿ ಬೇರುಕೊಳೆ ರೋಗದಿಂದ ಸತ್ತಿತು. ಪವಾಯಿಯ ನಮ್ಮ ಕುಂಡದ ಗಿಡಗಳ ಪ್ರಾಣ ತೆಗೆಯುವುದೂ ಇದೇ ಬೇರುಕೊಳೆ.

ಆದ್ದರಿಂದ ಬೀಜದ ಗಿಡವನ್ನು ಎಲೆಯ ಸೊಬಗಿಗಾಗಿ, ಮಕ್ಕಳ ಕಲಿಕೆಗಾಗಿ ಹಾಗೂ ಮುಂದೆಂದಾದರೂ ನೆಲಕ್ಕೆ ಒಂದು ಮರ ಕೊಡುವುದಕ್ಕಾಗಿ ಬೆಳೆಸಬೇಕು. ಹಣ್ಣು ಬಂದರೆ ಅದು ಭಾಗ್ಯ.

ಬೀಜ ಮೊಳೆಯಿಸುವ ಕ್ರಮ

ಬೆಣ್ಣೆಹಣ್ಣಿನ ಬೀಜ ಹೆಸರು, ಕಡಲೆಗಳಂತೆ ಒಣಗಿಸಿ ಇಡುವಂಥದ್ದಲ್ಲ. ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಣ್ಣು ತಿಂದ ದಿನವೇ ಅಥವಾ ಒಂದೆರಡು ದಿನಗಳಲ್ಲಿ ಊರಬೇಕು. ನಮ್ಮ ಪಶ್ಚಿಮಘಟ್ಟದ ತೋಟಗಳ ಹಣ್ಣು ಹೆಚ್ಚಾಗಿ ಮಳೆಗಾಲದ ತಿಂಗಳುಗಳಲ್ಲಿ ಬರುತ್ತದೆ; ಮುಂಬಯಿಯ ಗಾಳಿಯಲ್ಲಿ ಆಗ ಸಾಕಷ್ಟು ತೇವವಿರುವುದರಿಂದ ಮೊಳಕೆಗೂ ಅದೇ ಪ್ರಶಸ್ತ ಕಾಲ.

ಬೀಜಕ್ಕೆ ಅಂಟಿದ ತಿರುಳನ್ನು ತೊಳೆದು, ಮೇಲಿನ ಕಂದು ಸಿಪ್ಪೆಯನ್ನು ನಿಧಾನವಾಗಿ ಸುಲಿಯಬೇಕು. ಸುಲಿದ ಬೀಜ ಬೇಗ ಬಿರಿಯುತ್ತದೆ. ಚಪ್ಪಟೆಯಾದ ತುದಿ ಬುಡ, ಚೂಪಾದ ತುದಿ ತಲೆ; ತಲೆಕೆಳಗಾಗಿ ಇಡಬಾರದು.

ನೀರಿನ ವಿಧಾನ: ಬೀಜದ ನಡುಭಾಗಕ್ಕೆ ಮೂರು ನಾಲ್ಕು ಹಲ್ಲುಕಡ್ಡಿಗಳನ್ನು ಚುಚ್ಚಿ, ಕೆಳಗಿನ ಮೂರನೆಯ ಒಂದು ಭಾಗ ಮಾತ್ರ ನೀರಿನಲ್ಲಿ ಮುಳುಗುವಂತೆ ಲೋಟದ ಮೇಲೆ ಕೂರಿಸಬೇಕು. ಎರಡು ದಿನಗಳಿಗೊಮ್ಮೆ ನೀರು ಬದಲಿಸಬೇಕು. ಬೇರನ್ನು ಕಣ್ಣಾರೆ ಕಾಣಬಹುದಾದ್ದರಿಂದ ಮಕ್ಕಳಿಗೆ ಇದು ಇಷ್ಟ. ಆದರೆ ನೀರಿನಲ್ಲಿ ಹುಟ್ಟಿದ ಬೇರು ಪೆಳಸಾಗಿದ್ದು, ಮಣ್ಣಿಗೆ ಬದಲಾಯಿಸುವಾಗ ಮುರಿಯುವುದುಂಟು.

ಮಣ್ಣಿನ ವಿಧಾನ: ಆರಿಂಚಿನ ಕುಂಡದಲ್ಲಿ ಸಡಿಲ ಮಣ್ಣು ತುಂಬಿ, ಬೀಜದ ಅರ್ಧಭಾಗ ಮೇಲೆ ಕಾಣುವಂತೆ ಊರಬೇಕು. ಮಣ್ಣು ತೇವವಾಗಿರಬೇಕೇ ಹೊರತು ಕೆಸರಾಗಬಾರದು. ಬೇರು ಮೊದಲಿನಿಂದಲೇ ಮಣ್ಣಿಗೆ ಒಗ್ಗುವುದರಿಂದ ಗಿಡವನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಈ ವಿಧಾನವೇ ಮೇಲು.

ಎರಡರಿಂದ ನಾಲ್ಕು ವಾರಗಳಲ್ಲಿ ಬೀಜ ಬಿರಿದು ಬೇರಿಳಿಯುತ್ತದೆ. ಚಿಗುರು ಕಾಣಲು ಆರೆಂಟು ವಾರಗಳಾಗಬಹುದು. ಬೀಜ ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆಯೆಂದೇ ತಿಳಿಯಬೇಕು. ಒಂದರ ಬದಲು ಮೂರು ಬೀಜಗಳನ್ನು ಒಟ್ಟಿಗೆ ಇಡುವುದು ಜಾಣತನ.

ಕುಂಡ ಮತ್ತು ಮಣ್ಣು

ಈ ಗಿಡದ ಬೇರುಗಳು ಆಳಕ್ಕಿಳಿಯುವುದಕ್ಕಿಂತ ಮೇಲ್ಮಣ್ಣಿನಲ್ಲಿ ಹರಡುವುದೇ ಹೆಚ್ಚು. ಅವುಗಳಲ್ಲಿ ಬೇರುರೋಮಗಳು ಬಹಳ ಕಡಿಮೆ. ಆದ್ದರಿಂದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಇಡೀ ಆರೈಕೆಯ ಮರ್ಮ ಇಷ್ಟೇ: ಬೇರು ಉಸಿರಾಡುವಂತಿರಬೇಕು.

ಮುಂಬಯಿಯ ನರ್ಸರಿಗಳಲ್ಲಿ ದೊರೆಯುವ ಕೆಂಪು ಮಣ್ಣನ್ನು ಮಾತ್ರ ತುಂಬಿದರೆ ಎರಡು ತಿಂಗಳಲ್ಲಿ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು ಅಥವಾ ಇದ್ದಿಲಿನ ಚೂರು ಸೇರಿಸಿದ ಮಿಶ್ರಣ ಒಳ್ಳೆಯದು. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಸಮುದ್ರದ ಮರಳನ್ನು ಬಳಸಲೇಬಾರದು; ಉಪ್ಪು ಈ ಗಿಡಕ್ಕೆ ವಿಷಸಮಾನ.

ಕುಂಡದ ತಳದಲ್ಲಿ ನಾಲ್ಕೈದು ರಂಧ್ರಗಳಿರಲಿ. ಮಣ್ಣಿನ ಕುಂಡ ಬೇರಿಗೆ ಹಿತ. ಭಾರದ ದೃಷ್ಟಿಯಿಂದ ಪ್ಲಾಸ್ಟಿಕ್ ಕುಂಡವೂ ಆದೀತು. ಆರಿಂಚಿನಿಂದ ಎಂಟು, ಹತ್ತು, ಹನ್ನೆರಡು ಇಂಚು ಎಂದು ವರ್ಷಕ್ಕೊಂದು ಮೆಟ್ಟಿಲಿನಂತೆ ಬದಲಿಸಬೇಕು. ಚಿಕ್ಕ ಗಿಡಕ್ಕೆ ಒಮ್ಮೆಲೇ ದೊಡ್ಡ ಕುಂಡ ಕೊಟ್ಟರೆ ಬೇರಿಲ್ಲದ ಮಣ್ಣು ಸದಾ ಒದ್ದೆಯಾಗಿ ಉಳಿಯುತ್ತದೆ. ಬದಲಿಸಲು ಫೆಬ್ರವರಿ ತಿಂಗಳು ಸೂಕ್ತ. ಬೇರಿನ ಮುದ್ದೆಯನ್ನು ಕೆದಕದೆ ಇಡಿಯಾಗಿ ಎತ್ತಿ ಇಡಬೇಕು.

ಕಾಫಿ ತೋಟದಲ್ಲಿ ಈ ಮರದ ಬುಡಕ್ಕೆ ವರ್ಷವಿಡೀ ತರಗೆಲೆಯ ಹೊದಿಕೆ ಇರುತ್ತದೆ. ನಮ್ಮ ಕುಂಡಕ್ಕೂ ಒಣ ಎಲೆಗಳನ್ನು ಎರಡು ಇಂಚು ದಪ್ಪ ಹೊದಿಸಬಹುದು. ಕಾಂಡಕ್ಕೆ ಮಾತ್ರ ತಾಗದಂತೆ ಸ್ವಲ್ಪ ಅಂತರವಿರಲಿ.

ಬೆಳಕು ಮತ್ತು ಗ್ಯಾಲರಿಯ ದಿಕ್ಕು

ಮನೆಯೊಳಗಿನ ಗಿಡವೆಂದರೆ ಮೂಲೆಯ ಟಿ.ವಿ.ಯ ಪಕ್ಕದ ಅಲಂಕಾರವೆಂದು ಭಾವಿಸಬಾರದು. ಇದು ಮೂಲತಃ ದೊಡ್ಡ ಮರ. ದಿನಕ್ಕೆ ನಾಲ್ಕೈದು ಗಂಟೆಗಳಾದರೂ ಒಳ್ಳೆಯ ಬೆಳಕು ಬೇಕು. ಬೆಳಕು ಸಾಲದಿದ್ದರೆ ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದು, ತುದಿಯಲ್ಲಿ ಮಾತ್ರ ಎಲೆಗಳಿರುತ್ತವೆ.

ಪೂರ್ವದ ಗ್ಯಾಲರಿ ಎಲ್ಲಕ್ಕಿಂತ ಉತ್ತಮ. ದಕ್ಷಿಣದ ಗ್ಯಾಲರಿಗೆ ಚಳಿಗಾಲದ ಬಿಸಿಲು ಒಳಗಿನವರೆಗೆ ಬರುತ್ತದೆ, ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರುವುದರಿಂದ ತಾನಾಗಿ ನೆರಳಾಗುತ್ತದೆ, ಇದೂ ಒಳ್ಳೆಯದೇ. ಮುಂಬಯಿಯಲ್ಲಿ ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ. ಆ ದಿನಗಳನ್ನು ಬಿಟ್ಟರೆ ಉತ್ತರದ ಗ್ಯಾಲರಿಗೆ ನೇರ ಬಿಸಿಲು ವಿರಳ. ಪಶ್ಚಿಮದ ಗ್ಯಾಲರಿಯಲ್ಲಿ ಏಪ್ರಿಲ್, ಮೇ ತಿಂಗಳ ಅಪರಾಹ್ನದ ಬಿಸಿಲು ಎಳೆಯ ಕಾಂಡವನ್ನು ಸುಡುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನೈಋತ್ಯದ ಬಿಸಿಲಿಗೆ ಮೈಯೊಡ್ಡಿದ ಮರಗಳಿಗೆ ಸುಣ್ಣ ಬಳಿಯುವ ಅಥವಾ ಹಾಳೆ ಕಟ್ಟುವ ಪದ್ಧತಿಯನ್ನು ನೆನಪಿಸಿಕೊಳ್ಳಿ. ಅದೇ ಉಪಾಯವನ್ನು ಇಲ್ಲಿಯೂ ಅನುಸರಿಸಬಹುದು: ಕಾಂಡಕ್ಕೆ ತೆಳುವಾಗಿ ಸುಣ್ಣ ಬಳಿಯಬಹುದು ಅಥವಾ ಹಗುರವಾದ ಬಿಳಿ ಬಟ್ಟೆಯ ಮರೆ ಕಟ್ಟಬಹುದು.

ಒಳಗೆ ಬೆಳೆದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತರಬಾರದು. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ಎರಡು ವಾರಗಳಲ್ಲಿ ಒಗ್ಗಿಸಬೇಕು. ಏರ್ ಕಂಡಿಷನರಿನ ಒಣ ಗಾಳಿ ಹಾಗೂ ಅದರ ಹೊರಗಿನ ಯಂತ್ರದ ಬಿಸಿ ಗಾಳಿ, ಎರಡರಿಂದಲೂ ದೂರವಿಡಬೇಕು. ಎತ್ತರದ ಮಹಡಿಗಳಲ್ಲಿ ಗಾಳಿಯ ರಭಸಕ್ಕೆ ಎಲೆ ಹರಿಯುವುದರಿಂದ ಕೋಲಿನ ಆಸರೆ ಅವಶ್ಯ.

ನೀರು

ತೋರುಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಬೇಕು. ಒಣಗಿದ್ದರೆ ತಳದ ರಂಧ್ರಗಳಿಂದ ನೀರು ಹೊರಬರುವಷ್ಟು ಹಾಕಬೇಕು; ತೇವವಿದ್ದರೆ ಹಾಕಬಾರದು. ದಿನಾ ಒಂದು ಲೋಟ ಎಂಬ ಲೆಕ್ಕ ಈ ಗಿಡಕ್ಕೆ ಒಪ್ಪದು.

ನೀರಿನ ಗುಣವೂ ಮುಖ್ಯ. ಮಹಾನಗರ ಪಾಲಿಕೆಯ ನೀರು ಭಾತ್ಸಾ, ವೈತರಣಾ, ತಾನ್ಸಾ ಮೊದಲಾದ ಜಲಾಶಯಗಳಿಂದ ಬರುವ ಮಳೆನೀರೇ ಆದ್ದರಿಂದ ಗಿಡಕ್ಕೆ ಹಿತವಾದುದು. ಆದರೆ ನೀರಿನ ಕಡಿತದ ದಿನಗಳಲ್ಲಿ ಸೊಸೈಟಿಗೆ ಬರುವ ಟ್ಯಾಂಕರಿನ ನೀರು ಅಥವಾ ಬೋರ್‌ವೆಲ್ ನೀರಿನಲ್ಲಿ ಲವಣಾಂಶ ಹೆಚ್ಚಿರಬಹುದು. ಎಲೆಯ ತುದಿ ಮತ್ತು ಅಂಚು ಕಂದಾಗಿ ಸುಟ್ಟಂತೆ ಕಾಣುವುದು ಉಪ್ಪಿನ ಮೊದಲ ಸೂಚನೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಒಳ್ಳೆಯ ನೀರನ್ನು ಕುಂಡದ ಗಾತ್ರದ ಎರಡರಷ್ಟು ನಿಧಾನವಾಗಿ ಹಾಯಿಸಿ ಉಪ್ಪನ್ನು ತೊಳೆಯಬೇಕು. ಅಕ್ಕಿ ತೊಳೆದ ನೀರು ಆದೀತು. ಉಪ್ಪು ಹಾಕಿ ಬೇಯಿಸಿದ ನೀರು ಯಾವುದೂ ಕೂಡದು.

ಪವಾಯಿಯ ಋತುಗಳು

ಪವಾಯಿ ಸರೋವರ 1891ರಲ್ಲಿ ರೂಪುಗೊಂಡಿತು. ಸುತ್ತಲಿನ ಗುಡ್ಡಗಳು ಮತ್ತು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಸಮೀಪದಲ್ಲಿರುವುದರಿಂದ ಹಸಿರಿಗೆ ಇದು ಅನುಕೂಲವಾದ ಉಪನಗರ. ಆದರೂ ಇಲ್ಲಿಯ ವರ್ಷದ ಪ್ರತಿಯೊಂದು ಘಟ್ಟವೂ ಗಿಡಕ್ಕೆ ಬೇರೆ ಬೇರೆ ಪರೀಕ್ಷೆಯನ್ನು ಒಡ್ಡುತ್ತದೆ.

ಮಳೆಗಾಲ: ಸಾಂತಾಕ್ರೂಜ್ ಮಾಪನ ಕೇಂದ್ರದ ಸರಾಸರಿಯಂತೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುಮಾರು 2,300 ಮಿ.ಮೀ. ಮಳೆ ಬೀಳುತ್ತದೆ. ಕೊಡಗಿನಲ್ಲಿಯೂ ಭಾರಿ ಮಳೆಯಿದೆ, ಅಲ್ಲಿ ಮರ ಬದುಕುವುದಿಲ್ಲವೇ ಎಂದು ಕೇಳಬಹುದು. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ನೀರು ನಿಲ್ಲದೆ ಹರಿದುಹೋಗುತ್ತದೆ. ನಮ್ಮ ಕುಂಡದ ಕೆಳಗಿನ ತಟ್ಟೆಯಲ್ಲಿ ಅದೇ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಫೈಟೊಫ್ಥೊರ ಎಂಬ ಶಿಲೀಂಧ್ರಸದೃಶ ಜೀವಿ ಬೇರನ್ನು ಕೊಳೆಸುತ್ತದೆ. ಊರಿನಲ್ಲಿ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಇನ್ನೊಂದು ಜೀವಿ. ಬೇರು ಕೊಳೆತ ಗಿಡ ನೀರಿಲ್ಲದಂತೆ ಬಾಡುತ್ತದೆ. ಅದನ್ನು ಕಂಡು ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ. ಈ ಲೇಖಕನ ಮನೆಯ ಮೊದಲ ಗಿಡ ಒಂದು ಜುಲೈ ತಿಂಗಳಲ್ಲಿ ಹೋದದ್ದು ಹೀಗೆಯೇ. ಬಾಡಿದೆಯೆಂದು ನೀರು ಹಾಕಿದವರು ನಾವೇ. ಆದ್ದರಿಂದ ಜೂನ್ ಮೊದಲ ವಾರದಲ್ಲೇ ತಟ್ಟೆಯನ್ನು ತೆಗೆದು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿಡಬೇಕು. ಮಳೆ ನೇರವಾಗಿ ಬೀಳುವ ಜಾಗದಿಂದ ಒಳಕ್ಕೆ ಸರಿಸಬೇಕು. ತಟ್ಟೆಯಲ್ಲಿ ನಿಂತ ನೀರು ಡೆಂಗಿ, ಮಲೇರಿಯಾ ಸೊಳ್ಳೆಗಳಿಗೂ ತಾಣ. ಪಾಲಿಕೆಯ ಕೀಟನಿಯಂತ್ರಣ ಸಿಬ್ಬಂದಿ ಮನೆಮನೆಯ ಹೂಕುಂಡಗಳನ್ನು ಪರಿಶೀಲಿಸುವುದು ಇದೇ ಕಾರಣಕ್ಕೆ.

ಅಕ್ಟೋಬರ್: ಮಳೆ ನಿಂತೊಡನೆ ಸೆಕೆ ಏರುತ್ತದೆ. ಮಳೆಗಾಲದ ಎಳೆ ಚಿಗುರು ಬಿಸಿಲಿಗೆ ಸುಡಬಹುದು. ನೀರನ್ನು ಕ್ರಮವಾಗಿ ಹೆಚ್ಚಿಸಬೇಕು.

ಚಳಿಗಾಲ: ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಈ ಗಿಡಕ್ಕೆ ಅತ್ಯಂತ ಹಿತಕರ. ಆದರೆ ಕಟ್ಟಡ ಕಾಮಗಾರಿಗಳ ಧೂಳು ಎಲೆಗಳನ್ನು ಮುಚ್ಚುವುದರಿಂದ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಳೆಯ ಎಲೆಗಳು ಉದುರಿ ತಾಮ್ರವರ್ಣದ ಹೊಸ ಚಿಗುರು ಬರುವುದು ಸಹಜ, ಗಾಬರಿ ಬೇಡ.

ಬೇಸಿಗೆ: ಮಾರ್ಚ್, ಏಪ್ರಿಲ್‌ಗಳಲ್ಲಿ ಕೆಲವು ದಿನ ಉಷ್ಣಾಂಶ 38 ಡಿಗ್ರಿ ದಾಟುತ್ತದೆ. ಬೆಳಗ್ಗೆ ನೀರು, ಮಧ್ಯಾಹ್ನ ನೆರಳು ಎಂಬುದು ಆಗಿನ ನಿಯಮ. ಮೇ ರಜೆಯಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಡುವಾಗ ಗಿಡದ ಗತಿಯೇನು ಎಂಬ ಪ್ರಶ್ನೆ ಪ್ರತಿವರ್ಷವೂ ಏಳುತ್ತದೆ. ನೆರೆಮನೆಯವರಿಗೆ ಒಪ್ಪಿಸುವುದು ಎಲ್ಲಕ್ಕಿಂತ ಉತ್ತಮ. ಅದಾಗದಿದ್ದರೆ ಕುಂಡವನ್ನು ನೆರಳಿಗೆ ಸರಿಸಿ, ಎತ್ತರದಲ್ಲಿಟ್ಟ ಮುಚ್ಚಿದ ಬಕೆಟಿನಿಂದ ದಪ್ಪ ಹತ್ತಿಯ ಹಗ್ಗವನ್ನು ಮಣ್ಣಿಗಿಳಿಸಿದರೆ ಸುಮಾರು ಒಂದು ವಾರ ತೇವ ಉಳಿದೀತು. ಹೊರಡುವ ಮೊದಲೇ ನಾಲ್ಕು ದಿನ ಪರೀಕ್ಷಿಸಿ ನೋಡುವುದು ಕ್ಷೇಮ.

ಚಿವುಟುವುದು ಮತ್ತು ಗೊಬ್ಬರ

ಸಸಿ ಆರೇಳು ಇಂಚು ಎತ್ತರವಾದಾಗ ತುದಿಯನ್ನು ಅರ್ಧಕ್ಕೆ ಕತ್ತರಿಸುವುದು ಕಠೋರವೆನಿಸಬಹುದು. ಆದರೆ ಹಾಗೆ ಮಾಡಿದರೇ ಕವಲೊಡೆದು ಗಿಡ ಪೊದೆಯಾಗುತ್ತದೆ. ಇಲ್ಲವಾದರೆ ಛತ್ರಿಯ ಕೋಲಿನಂತೆ ನೇರ ಬೆಳೆಯುತ್ತದೆ. ಮುಂದೆ ಪ್ರತಿ ಕವಲೂ ಒಂದಡಿಯಾದಾಗ ತುದಿ ಚಿವುಟುತ್ತಿರಬೇಕು.

ಗೊಬ್ಬರ ಹಿತಮಿತವಾಗಿರಲಿ. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಹನ್ನೆರಡಿಂಚಿನ ಕುಂಡಕ್ಕೆ ಸಾಕು. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಲವಣವೇ ಆದುದರಿಂದ ಹಾಕುವುದಾದರೆ ಸೂಚಿಸಿದ ಪ್ರಮಾಣದ ಅರ್ಧವನ್ನು ಮಾತ್ರ, ಅದೂ ಒದ್ದೆ ಮಣ್ಣಿಗೆ ಹಾಕಬೇಕು. ಮಳೆ ಜೋರಾಗಿರುವಾಗ ಮತ್ತು ಗಿಡ ಬಾಡಿರುವಾಗ ಗೊಬ್ಬರ ಸಲ್ಲದು.

ಎಲೆ ಹೇಳುವ ಲಕ್ಷಣಗಳು

ತುದಿ, ಅಂಚು ಕಂದಾಗಿದ್ದರೆ: ಉಪ್ಪು ಅಥವಾ ಒಣ ಗಾಳಿ. ಮಣ್ಣು ತೊಳೆಯಬೇಕು, ಏರ್ ಕಂಡಿಷನರಿನಿಂದ ದೂರವಿಡಬೇಕು.

ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದು, ಮಣ್ಣು ಒದ್ದೆಯಾಗಿದ್ದರೆ: ಬೇರುಕೊಳೆಯ ಸಂಶಯ. ನೀರು ನಿಲ್ಲಿಸಿ, ಗಿಡವನ್ನು ಮೆಲ್ಲನೆ ಹೊರತೆಗೆದು ಕಪ್ಪಾದ ಬೇರುಗಳನ್ನು ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ ಬದಲಿಸಬೇಕು.

ಎಳೆ ಎಲೆಯ ನರಗಳು ಹಸಿರಾಗಿದ್ದು ನಡುವೆ ಹಳದಿಯಾದರೆ: ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿದ ಮಣ್ಣಿನಲ್ಲಿ ಇದು ಸಾಮಾನ್ಯ. ಆದ್ದರಿಂದ ಕಾಂಡಕ್ಕೆ ಬಳಿದ ಸುಣ್ಣ ಮಣ್ಣಿಗೆ ಸುರಿಯದಂತೆ ಎಚ್ಚರವಿರಲಿ.

ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಂಡರೆ: ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೌಮ್ಯ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ವಾರಕ್ಕೊಮ್ಮೆಯಂತೆ ಮೂರು ಸಲ.

ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಅಡಿಯಲ್ಲಿ ಸಣ್ಣ ಬಲೆ ಇದ್ದರೆ: ನುಸಿಯ ಬಾಧೆ. ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸಿ ತೊಳೆಯಬೇಕು.

ಕೆಲವು ಎಚ್ಚರಿಕೆಗಳು

ಬೆಣ್ಣೆಹಣ್ಣಿನ ಎಲೆ, ತೊಗಟೆ, ಬೀಜಗಳಲ್ಲಿ ಪರ್ಸಿನ್ ಎಂಬ ವಸ್ತುವಿದೆ. ಹಕ್ಕಿಗಳಿಗೆ ಇದು ಪ್ರಾಣಾಂತಕವಾಗಬಹುದು. ಆಡು, ದನ, ಕುದುರೆ, ಮೊಲಗಳಿಗೂ ಹಾನಿಕರ. ಲವ್ ಬರ್ಡ್ಸ್ ಮೊದಲಾದ ಪಂಜರದ ಹಕ್ಕಿಗಳಿರುವ ಮನೆಯಲ್ಲಿ ಗಿಡ ಅವುಗಳ ಕೊಕ್ಕಿಗೆ ಎಟುಕದಂತಿರಲಿ, ಹಣ್ಣನ್ನೂ ತಿನ್ನಿಸಬಾರದು. ಪಲಾವಿನ ಎಲೆಯ ಬಂಧುವೆಂದು ಇದರ ಎಲೆಯನ್ನು ಅಡುಗೆಗೆ ಹಾಕುವ ಪ್ರಯೋಗವೂ ಬೇಡ.

ನೀರುಂಡ ಹನ್ನೆರಡಿಂಚಿನ ಕುಂಡ ಇಪ್ಪತ್ತು ಕಿಲೋಗೂ ಹೆಚ್ಚು ತೂಗಬಹುದು. ಅದನ್ನು ಕಿಟಕಿಯ ಗ್ರಿಲ್ಲಿನ ಮೇಲಾಗಲಿ ಗ್ಯಾಲರಿಯ ಕಟ್ಟೆಯ ಮೇಲಾಗಲಿ ಇಡಲೇಬಾರದು. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಮರಕ್ಕೆ ನೆಲ

ನೆಲದಲ್ಲಿ ಹತ್ತಿಪ್ಪತ್ತು ಮೀಟರ್ ಬೆಳೆಯಬಲ್ಲ ಮರವನ್ನು ಕುಂಡದಲ್ಲಿ ನಾಲ್ಕೈದು ವರ್ಷ ಇಟ್ಟುಕೊಳ್ಳಬಹುದು. ಆಮೇಲೆ ಬೇರು ಸುತ್ತಿಕೊಂಡು ಗಿಡ ಸೊರಗುತ್ತದೆ. ಮಗು ಹೆಸರಿಟ್ಟು ಸಾಕಿದ ಗಿಡವನ್ನು ಆಗ ಕಸದ ಗಾಡಿಗೆ ಹಾಕಲು ಮನಸ್ಸು ಬಾರದು. ಆದ್ದರಿಂದ ಮೂರನೆಯ ವರ್ಷದಲ್ಲೇ ಮನೆಯವರು ಕುಳಿತು ನಿರ್ಧರಿಸಬೇಕು.

ಮೊದಲನೆಯ ದಾರಿ ಸೊಸೈಟಿಯ ಅಂಗಳ. ಸಮಿತಿಯ ಲಿಖಿತ ಒಪ್ಪಿಗೆ ಪಡೆದೇ ನೆಡಬೇಕು. ಗೋಡೆ, ನೀರಿನ ಟ್ಯಾಂಕಿ, ಚರಂಡಿಗಳಿಂದ ಆರೇಳು ಮೀಟರ್ ದೂರವಿರಬೇಕು. ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರವಾಗಿ ಬೆಳೆದ ಮೇಲೆ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅಂಗಳ ಸ್ವಂತದ್ದಾದರೂ ಅಷ್ಟೇ. ಇಂದು ತಪ್ಪು ಜಾಗದಲ್ಲಿ ನೆಟ್ಟರೆ ಇಪ್ಪತ್ತು ವರ್ಷಗಳ ಬಳಿಕ ಬರುವ ನಿವಾಸಿಗಳು ಅದರ ಫಲ ಅನುಭವಿಸಬೇಕಾಗುತ್ತದೆ.

ಎರಡನೆಯ ದಾರಿ ಊರಿನ ಹಿತ್ತಿಲು. ಎರಡು ಮೂರು ಅಡಿಯ ಗಿಡವನ್ನು ಹಗುರ ಚೀಲದ ಕುಂಡಕ್ಕೆ ಬದಲಿಸಿ, ಎಲೆಗಳನ್ನು ಸಡಿಲವಾಗಿ ಕಟ್ಟಿ ಕೊಂಡೊಯ್ಯಬಹುದು. ಕರಾವಳಿಯಲ್ಲಿ ಮಳೆಯ ಅಬ್ಬರ ಇಳಿದ ಚೌತಿಯ ದಿನಗಳು ನೆಡಲು ಅನುಕೂಲ. ನೀರು ನಿಲ್ಲುವ ಗದ್ದೆಯ ಬದಿ ಬೇಡ. ಇಳಿಜಾರಿನಲ್ಲಿ ಒಂದೂವರೆ ಅಡಿ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು. ಬಾವಿಯಿಂದಲೂ ಮನೆಯ ಪಂಚಾಂಗದಿಂದಲೂ ದೂರವಿರಲಿ. ಆದರೆ ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೆರಡು ಸಲ ನೀರು ಹಾಕುವವರು ಬೇಕು. ಬೀಗ ಹಾಕಿದ ಮನೆಯಂಗಳದಲ್ಲಿ ನೆಟ್ಟು ಬಂದರೆ ಅದು ಮರುವರ್ಷಕ್ಕೆ ಉಳಿಯದು. ನೀರೆರೆಯಲು ದೊಡ್ಡಪ್ಪನೋ ಅತ್ತೆಯೋ ಅಲ್ಲಿದ್ದಾರೆಯೇ ಎಂದು ವಿಚಾರಿಸಿಯೇ ಗಿಡ ಒಯ್ಯಬೇಕು.

ಮೂರನೆಯ ದಾರಿ ದಾನ. ಅಂಗಳವುಳ್ಳ ಶಾಲೆಗೋ ಪರಿಚಿತರ ತೋಟಕ್ಕೋ ಕೊಡಬಹುದು. ಬೀಜದ ಗಿಡವೇ ಆದರೂ ಅದರ ಮೇಲೆ ಒಳ್ಳೆಯ ತಳಿಯ ಕಸಿ ಕಟ್ಟಲು ತೋಟದವರಿಗೆ ಉಪಯುಕ್ತವಾದೀತು. ಕಸಿ ಕೂಡಿದರೆ ಮೂರು ನಾಲ್ಕು ವರ್ಷಗಳಲ್ಲಿ ಫಲವನ್ನೂ ನೋಡಬಹುದು.

ಈ ಮಳೆಗಾಲದಲ್ಲಿ ಬೆಣ್ಣೆಹಣ್ಣು ತಂದವರು ಬೀಜವನ್ನು ಎಸೆಯದಿರಲಿ. ಊರುವ ದಿನವೇ ಮಕ್ಕಳೊಡನೆ ಕುಳಿತು, ಇದು ದೊಡ್ಡದಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮಾತಾಡಿಕೊಳ್ಳಲಿ. ಈಗಾಗಲೇ ಗಿಡವಿರುವವರು ಇಂದೇ ಗ್ಯಾಲರಿಗೆ ಹೋಗಿ ಕುಂಡದ ಕೆಳಗಿನ ತಟ್ಟೆಯನ್ನೊಮ್ಮೆ ನೋಡಲಿ. ಅದರಲ್ಲಿ ನೀರಿದ್ದರೆ ಚೆಲ್ಲಿಬಿಡಲಿ.